ಹನ್ನೆರಡನೇ ಗುರುತು

ಕೊಟ್ಟೂರು
28 ಏಪ್ರಿಲ್ 2025

ಯಶೋಧಾ,

ಫೆಬ್ರವರಿಯಿಂದ ನಿನಗೆ ನಲವತ್ತು ಸಲವಾದರೂ ಫೋನ್ ಮಾಡಿದ್ದೇನೆ. ನೀನು ಎತ್ತುವುದಿಲ್ಲ. ಮೆಸೇಜು ಹಾಕಿದರೆ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಮಾತ್ರ ಬರುವುದಿಲ್ಲ. ಕಾಗದವನ್ನಾದರೂ ಅಂಚೆಯವನು ನಿನ್ನ ಕೈಗೇ ಕೊಡುತ್ತಾನೆ ಎಂದುಕೊಂಡು ಪೆನ್ನು ಹಿಡಿದಿದ್ದೇನೆ. ಮೂವತ್ತು ವರ್ಷದ ಗೆಳತಿಗೆ ಹೀಗೆ ಬರೆಯಬೇಕಾಗಿ ಬಂತಲ್ಲ ಎಂದು ಬೇಜಾರಿಲ್ಲ, ಸಿಟ್ಟಿದೆ.

ನಿನ್ನ ಹಡಗಲಿಯ ಗೈಡ್ಸ್ ದಳ, ನನ್ನ ಕೊಟ್ಟೂರಿನ ದಳ ಸೇರಿ ಈ ಬೇಸಿಗೆಯಲ್ಲಿ ನಾಲ್ಕು ಹೊರಸಂಚಾರ ಮುಗಿಸಿದವು. ಉಜ್ಜಿನಿಗೆ ನಡೆದುಕೊಂಡು ಹೋದೆವು. ಅಂಕಸಮುದ್ರದಲ್ಲಿ ಹಕ್ಕಿ ಎಣಿಸಿದೆವು, ಅಂದರೆ ಹುಡುಗಿಯರು ಎಣಿಸಿದರು, ನಾನು ಅವರನ್ನು ಕೆರೆಯ ಅಂಚಿನಿಂದ ಹಿಂದಕ್ಕೆ ಎಳೆಯುತ್ತಿದ್ದೆ. ಬಾಗಳಿಯ ಗುಡಿಯಲ್ಲಿ ಕಂಬಗಳ ಚಿತ್ರ ಬಿಡಿಸಿದೆವು. ಮೊನ್ನೆ ಶನಿವಾರ ಕರೇಗುಡ್ಡಕ್ಕೆ ಹೋದೆವು. ಈ ನಾಲ್ಕರಲ್ಲೂ ನೀನು ನನ್ನೊಡನೆ ಒಂದು ಮಾತೂ ಆಡಿಲ್ಲ. ಉಜ್ಜಿನಿಯಲ್ಲಿ ನಿನಗೆ ನೀರಿನ ಡ್ರಮ್ ಬೇಕಾದಾಗ ನಿನ್ನ ಅಮೃತಾಳನ್ನು ಕಳಿಸಿದೆ. "ಮಿಸ್, ಡ್ರಮ್ ಕೊಡ್ತೀರೇನು ಅಂತ ನಮ್ಮ ಮಿಸ್ಸು ಕೇಳ್ಯಾರ್ರಿ" ಎಂದಳು ಆ ಹುಡುಗಿ. ನೀನು ನಿಂತಿದ್ದದ್ದು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ. ನಮ್ಮಿಬ್ಬರ ನಡುವೆ ಓಡಾಡಿ ಆ ಮಗುವಿನ ಕಾಲು ಸವೆಯಿತು.

ಇರಲಿ, ಕೆಲಸದ ಮಾತು. ಕರೇಗುಡ್ಡದಲ್ಲಿ ನನ್ನ ಹುಡುಗಿಯರು ಮುಂದೆ ಹೋಗಿ ಕಲ್ಲು ಕಡ್ಡಿಗಳಲ್ಲಿ ಹನ್ನೆರಡು ದಾರಿಗುರುತು ಹಾಕಿ ಆಚೆ ಬದಿಯಿಂದ ಇಳಿದರು. ನಿನ್ನವರು ಅವನ್ನು ಓದುತ್ತ, ಓದಿದ್ದನ್ನು ಅಳಿಸುತ್ತ ಹಿಂದೆ ಬಂದರು. ಒಬ್ಬರೂ ದಾರಿ ತಪ್ಪಲಿಲ್ಲ. ಕೊನೆಯ ಗುರುತು, ಅದೇ, ಕಲ್ಲಿನ ವೃತ್ತ, ನಡುವೆ ಒಂದು ಕಲ್ಲು, 'ನಾನು ಮನೆಗೆ ಹೋದೆ' ಎಂದು ಅರ್ಥ, ಅದು ಸಿಕ್ಕಾಗ ಅವರು ಕೂಗಿಕೊಂಡದ್ದು ಕೆಳಗೆ ಬಸ್ಸಿನ ಹತ್ತಿರವಿದ್ದ ನನಗೂ ಕೇಳಿಸಿತು. ಎಲ್ಲರೂ ಇಳಿದು ಅರ್ಧ ಗಂಟೆಯಾದ ಮೇಲೆ ನೀನು ಇಳಿದೆ. ಯಾಕೆ ತಡ ಎಂದು ಕೇಳಿದರೆ ಉತ್ತರ ಬಂದದ್ದು ಮತ್ತೆ ಅಮೃತಾಳಿಂದ. "ಚಪ್ಲಿ ಕಿತ್ತೈತಂತ್ರಿ."

'ಹನ್ನೆರಡು ಗುರುತುಗಳನ್ನೂ ಅಳಿಸಲಾಗಿದೆ, ಗುಡ್ಡವನ್ನು ಇದ್ದಂತೆಯೇ ಬಿಟ್ಟು ಬಂದಿದ್ದೇವೆ' ಎಂದು ದಿನಚರಿ ಪುಸ್ತಕದಲ್ಲಿ ಬರೆದು, ಚಾರಣದ ಮುಖ್ಯಸ್ಥೆಯಾಗಿ ಸಹಿ ಹಾಕಿ ಹೊಸಪೇಟೆಯ ಜಿಲ್ಲಾ ಕಚೇರಿಗೆ ಕಳಿಸಿದ್ದೇನೆ. ಎರಡೂ ದಳದಿಂದ ಎಂಟು ಹುಡುಗಿಯರು ಈ ವರದಿಯನ್ನೇ ನೆಚ್ಚಿಕೊಂಡು ರಾಜ್ಯ ಪುರಸ್ಕಾರಕ್ಕೆ ಕಾಯುತ್ತಿದ್ದಾರೆ. ಇನ್ನು ಅವರಿಗೆಲ್ಲ ಎಸ್ಸೆಸ್ಸೆಲ್ಸಿ, ಮನೆಯವರು ಒಂದು ದಿನವೂ ಹೊರಗೆ ಬಿಡುವುದಿಲ್ಲ. ಈಗ ಬ್ಯಾಡ್ಜ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನನ್ನ ಡ್ರಮ್ ವಾಪಸು ಕಳಿಸು. ಇನ್ನೊಂದು ಮಾತು. ನಾವು ಸ್ಕೌಟು ಗೈಡುಗಳು ಎಡಗೈ ಕೊಟ್ಟು ಕುಲುಕುವವರು. ಬಸ್ ಹತ್ತುವಾಗ ನಾನು ಎಡಗೈ ಚಾಚಿದೆ. ನೀನು ಬಲಗೈಯಲ್ಲಿದ್ದ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡೆ. ನೋಡಿದೆ ನಾನು.

ಸುಕನ್ಯಾ



ಹಡಗಲಿ
6 ಮೇ 2025

ಕ್ಯಾಪ್ಟನ್ ಸುಕನ್ಯಾ ಅವರಿಗೆ,

ಪತ್ರ ತಲುಪಿದೆ. ಡ್ರಮ್ಮನ್ನು ಕೊಟ್ಟೂರು ಬಸ್ಸಿನಲ್ಲಿ ಕಳಿಸಿದ್ದೇನೆ, ಕಂಡಕ್ಟರ್ ಹತ್ತಿರ ಕೇಳಿ ಇಳಿಸಿಕೊಳ್ಳುವುದು. ಮುಚ್ಚಳ ಸಿಕ್ಕಿಲ್ಲ, ಹುಡುಕಿಸುತ್ತಿದ್ದೇನೆ.

ಪುರಸ್ಕಾರದ ವಿಷಯ ತಿಳಿಯಿತು. ಚೀಲ ಭಾರವಿತ್ತು.

ವಂದನೆಗಳೊಂದಿಗೆ,
ಯಶೋಧಾ



ಕೊಟ್ಟೂರು
27 ಮೇ 2025

ಯಶೋಧಾ,

ನನ್ನನ್ನು 'ಅವರಿಗೆ' ಎಂದು ಕರೆಯುವಷ್ಟು ದೊಡ್ಡವಳಾದೆಯಾ? ಎಂಟನೇ ಕ್ಲಾಸಿನಲ್ಲಿ ನನ್ನ ಜಡೆಯನ್ನು ಬೆಂಚಿಗೆ ಕಟ್ಟಿದವಳು ನೀನು. ಅದಿರಲಿ, ಈಗ ನಡೆದಿರುವುದನ್ನು ಓದು. ಕೂತುಕೊಂಡೇ ಓದು.

ಜಿಲ್ಲಾ ಕಾರ್ಯದರ್ಶಿ ಪ್ರವೀಣಕುಮಾರ್ ಮೊನ್ನೆ ಬೇರೊಂದು ದಳದ ಜೊತೆ ಅದೇ ಕರೇಗುಡ್ಡ ಹತ್ತಿದ್ದಾರೆ. ಹಾಗೇ ನಮ್ಮ ವರದಿಯನ್ನೂ ತಾಳೆ ನೋಡಿದ್ದಾರೆ. ಹನ್ನೊಂದು ಗುರುತು ಇರಲಿಲ್ಲವಂತೆ. ಹನ್ನೆರಡನೆಯದು ಇದ್ದ ಜಾಗದಲ್ಲೇ ಇದೆ! ಬರೀ ಇದ್ದಿದ್ದರೆ ಹೋಗಲಿ ಎನ್ನಬಹುದಿತ್ತು. ಅದಕ್ಕೆ ಅರಿಶಿನದ ಭಂಡಾರ ಬಳಿದಿದ್ದಾರೆ. ಒಡೆದ ತೆಂಗಿನಕಾಯಿ, ಊದುಬತ್ತಿ, ಪಕ್ಕದ ಜಾಲಿಗಿಡಕ್ಕೆ ಹಳದಿ ಬಾವುಟ. ಫೋಟೊ ತೆಗೆದು ನನಗೇ ಕಳಿಸಿ, ಕೆಳಗೆ 'ವಿವರಣೆ ಕೊಡಿ' ಎಂದು ಬರೆದಿದ್ದಾರೆ. ಏನು ವಿವರಣೆ ಕೊಡಲಿ? ಮಕ್ಕಳಿಗೆ ದಾರಿ ಹುಡುಕುವುದನ್ನು ಕಲಿಸಲು ಹೋಗಿ ದೇವರನ್ನು ಹುಟ್ಟಿಸಿ ಬಂದೆವು ಎನ್ನಲೇ?

ಕಚೇರಿಯ ಪತ್ರ ಸ್ಪಷ್ಟವಾಗಿದೆ. ಜುಲೈ 31ರ ಒಳಗೆ ಎರಡರಲ್ಲಿ ಒಂದಾಗಬೇಕು. ಕಲ್ಲು ತೆಗೆದು ಫೋಟೊ ಕಳಿಸಬೇಕು, ಆಗ ಎಲ್ಲವೂ ಸರಿ. ಇಲ್ಲವೇ ವರದಿ ಸುಳ್ಳೆಂದು ಲಿಖಿತವಾಗಿ ತಿದ್ದಿಕೊಡಬೇಕು. ತಿದ್ದಿಕೊಟ್ಟರೆ ಮಕ್ಕಳಿಗೆ ಪುರಸ್ಕಾರ ಸಿಗುತ್ತದೆ, ಆದರೆ ಸುಳ್ಳಿಗೆ ಸಹಿ ಹಾಕಿದ ಕ್ಯಾಪ್ಟನ್ ಒಂದು ವರ್ಷ ದಳ ನಡೆಸುವಂತಿಲ್ಲ. ಎರಡೂ ಆಗದಿದ್ದರೆ ಎಂಟು ಮಕ್ಕಳ ಅರ್ಜಿಯೂ ತಿರಸ್ಕಾರ.

ಅಳಿಸುತ್ತ ಬಂದದ್ದು ನಿನ್ನ ದಳ. ಹನ್ನೊಂದು ಅಳಿಸಿದವರಿಗೆ ಹನ್ನೆರಡನೆಯದು ಕಾಣಲಿಲ್ಲವೇ? ಅದರ ಸುತ್ತ ನಿಂತು ಕುಣಿದಾಡಿದರಲ್ಲ! ನಿನ್ನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೇಳು.

ಡ್ರಮ್ ಬಂತು. ಅದರೊಳಗೆ ಯಾರೋ ಅರ್ಧ ಮೂಟೆ ಮಂಡಕ್ಕಿ ತುಂಬಿ ಕಳಿಸಿದ್ದಾರೆ. ನೀನಂತೂ ಅಲ್ಲ ಎಂದುಕೊಂಡು ತಿಂದೆವು.

ಸುಕನ್ಯಾ



ಹಡಗಲಿ
4 ಜೂನ್ 2025

ಸುಕನ್ಯಾ,

ನನ್ನ ಹುಡುಗಿಯರನ್ನು ಸಾಲಾಗಿ ನಿಲ್ಲಿಸುವುದಿಲ್ಲ. ಅವರ ತಪ್ಪಿಲ್ಲ.

ಕೆಳಗೆ ಬಸ್ಸಿನ ಹತ್ತಿರ ನಿಂತು, ಮೇಲೆ ಏನಾಯಿತೆಂದು ನೋಡದೆ, 'ಎಲ್ಲ ಅಳಿಸಲಾಗಿದೆ' ಎಂದು ಸಹಿ ಹಾಕಿದವಳು ನೀನು. ಕಾಗದದಲ್ಲಿ ಎಲ್ಲ ಸರಿಯಿದ್ದರೆ ನಿನಗೆ ಸಾಕು.

ಫೆಬ್ರವರಿಯಲ್ಲೂ ಹಾಗೇ ಆಯಿತು. ಗುರುಸಂಗಪ್ಪ ಮೇಷ್ಟ್ರು ತೀರಿಕೊಂಡದ್ದು 21ರ ಸಂಜೆ. ಗಂಡು ಹುಡುಗರ ಸ್ಕೌಟ್ ದಳ ಮಾತ್ರ ಇದ್ದ ಕಾಲದಲ್ಲಿ, ಊರವರ ಬಾಯಿಗೆ ಹೆದರದೆ ನಮ್ಮಿಬ್ಬರ ಕೊರಳಿಗೆ ಮೊದಲು ಸ್ಕಾರ್ಫ್ ಕಟ್ಟಿದ ಮನುಷ್ಯ. ಮರುದಿನ ಮೂರು ಗಂಟೆಗೆ ಹಿರೇಹಡಗಲಿಯ ಅವರ ಹೊಲದಲ್ಲಿ ಮಣ್ಣು. ನಾನೇ ನಿನಗೆ ಫೋನ್ ಮಾಡಿ ಹೇಳಿದೆ. "ನಾಳಿ ಗೈಡ್ಸ್ ಚಿಂತನಾ ದಿನದ ಪೆರೇಡ್ ಐತಲ್ಲೇ" ಎಂದೆ ನೀನು. ಸಂಜೆ ಪೆರೇಡಿನ ಹದಿನಾಲ್ಕು ಫೋಟೊ ಗುಂಪಿಗೆ ಹಾಕಿದೆ. ಸಾಲು ನೆಟ್ಟಗಿತ್ತು, ಚೆನ್ನಾಗಿತ್ತು.

ಮೇಷ್ಟ್ರ ಹೆಂಡತಿ ಕೊಟ್ರಬಸಮ್ಮನವರು ನನ್ನ ಕೈ ಹಿಡಿದುಕೊಂಡು ಎರಡು ಸಲ ಕೇಳಿದರು. "ಸುಕನ್ಯಾ ಬಂದ್ಲೇನವ್ವಾ? ಸುಕನ್ಯಾ ಬಂದ್ಲೇನು?" ನಾನು ಎರಡೂ ಸಲ "ದಾರ್‍ಯಾಗ ಅದಾಳ್ರಿ" ಎಂದೆ. ನಿನಗಾಗಿ ನಾನೂ ಸುಳ್ಳು ಹೇಳಿದ್ದೇನೆ, ಸಹಿ ಮಾತ್ರ ಹಾಕಲಿಲ್ಲ.

ಮುಚ್ಚಳ ಸಿಕ್ಕಿಲ್ಲ.

ಯಶೋಧಾ



ಕೊಟ್ಟೂರು
15 ಜೂನ್ 2025

ಯಶೋಧಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಬರೆದು ಹರಿದದ್ದು ಮೂರು ಸಲ. ಇದು ನಾಲ್ಕನೆಯದು, ಇದನ್ನಂತೂ ಕಳಿಸುತ್ತೇನೆ.

ಅವತ್ತು ಮೈದಾನದಲ್ಲಿ ಮುನ್ನೂರು ಮಕ್ಕಳಿದ್ದರು. ಮೂರು ಊರಿನಿಂದ ದಳಗಳು ಬಂದಿದ್ದವು, ಅತಿಥಿಗಳಿದ್ದರು, ನಾನೇ ಕಮಾಂಡ್ ಕೊಡಬೇಕಿತ್ತು. ಮೇಷ್ಟ್ರೇ ಇದ್ದಿದ್ದರೆ ಏನನ್ನುತ್ತಿದ್ದರು ಹೇಳು. "ನನ್ನ ಸಲುವಾಗಿ ಪೆರೇಡ್ ನಿಂದ್ರಿಸಿದ್ರ ಬೆನ್ನಿಗೆ ಬಡೀತೀನಿ" ಎನ್ನುತ್ತಿದ್ದರು. ನಿನಗೂ ಗೊತ್ತು. ಕೆಲಸ ಮಾಡುವವರನ್ನು ಕಂಡರೆ ಕಲ್ಲೆದೆಯವರು ಎಂದು ತೀರ್ಮಾನಿಸಿಬಿಡುವುದು ನಿನ್ನ ಹಳೆಯ ಚಾಳಿ. ಅತ್ತವರಿಗೆ ಮಾತ್ರ ದುಃಖವಾಗುತ್ತದೆ ಎಂದುಕೊಂಡಿದ್ದೀಯಾ?

ಇನ್ನು ಈ ವಾದ ಬೇಡ, ನನಗೆ ಸಾಕಾಗಿದೆ. ಬರುವ ಭಾನುವಾರ ನಾನೇ ಗುಡ್ಡ ಹತ್ತಿ ಕಲ್ಲು ಚೆಲ್ಲಾಪಿಲ್ಲಿ ಮಾಡಿ, ಫೋಟೊ ತೆಗೆದು ಕಚೇರಿಗೆ ಕಳಿಸುತ್ತೇನೆ. ಭಂಡಾರ ತೊಳೆಯಲು ಎರಡು ಬಾಟಲಿ ನೀರು, ಒಂದು ತೆಂಗಿನ ನಾರು. ನಿನ್ನ ದಳ ಮಾಡಬೇಕಿದ್ದ ಕೆಲಸವನ್ನು ನಲವತ್ತು ದಾಟಿದ ಮೊಣಕಾಲು ಹೊತ್ತುಕೊಂಡು ನಾನು ಮಾಡುತ್ತೇನೆ.

ಸುಕನ್ಯಾ



ಕೊಟ್ಟೂರು
23 ಜೂನ್ 2025

ಯಶೋಧಾ,

ಹೋಗಿ ಬಂದೆ. ಸಮವಸ್ತ್ರದಲ್ಲೇ ಹೋಗಿದ್ದೆ, ಯಾರಾದರೂ ಕೇಳಿದರೆ ದಳದ ಕೆಲಸ ಎನ್ನಬಹುದಲ್ಲ ಎಂದು. ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಎರಡು ಸಲ ಕೂತೆ, ಎರಡು ಸಲವೂ ನಿನ್ನನ್ನು ಬೈದುಕೊಂಡೆ.

ಮೇಲೆ ಕುರಿ ಮೇಯುತ್ತಿದ್ದವು. ನಾನು ಸೀದಾ ಹೋಗಿ ನಡುವಿನ ಕಲ್ಲಿಗೆ ಕೈ ಹಾಕಿದೆ, ಹಿಂದಿನಿಂದ ಒಬ್ಬರು ಕೂಗಿದರು. "ಅಕ್ಕಾರ, ಅದನ್ನ್ಯಾಕ ಮುಟ್ಟಾಕ ಹತ್ತೀರಿ?"

ಓಬಳೇಶಪ್ಪ ಎಂದು ಹೆಸರು. ಕೂಡ್ಲಿಗಿ ಕಡೆಯವರು, ಹೆಂಡತಿ ಪಕ್ಕೀರಮ್ಮನೊಡನೆ ಕುರಿ ಮೇಯಿಸಿಕೊಂಡು ಬಂದಿದ್ದಾರೆ. ನಾನು ಟೀಚರ್ ದನಿ ತೆಗೆದೆ. ಇದು ದೇವರಲ್ಲ, ನಮ್ಮ ಶಾಲೆಯ ಹುಡುಗಿಯರು ಆಟಕ್ಕೆ ಇಟ್ಟ ಕಲ್ಲು ಎಂದೆ.

"ಯಾರರ ಇಟ್ಟಿರಲೇಬೇಕಲ್ರಿ" ಎಂದರು ಅವರು, ಸ್ವಲ್ಪವೂ ಬೇಸರವಿಲ್ಲದೆ. "ಕಲ್ಲು ತಾನಾಗೇ ನಡಕೊಂತ ಬಂದು ಕುಂದ್ರತೈತೇನು?"

ಹಾಗಾದರೆ ಆಟದ ಕಲ್ಲಿಗೆ ಯಾಕೆ ಭಂಡಾರ ಹಚ್ಚಿದಿರಿ ಎಂದು ಕೇಳಿದೆ.

"ಆಟ ಆಡೋರು ಅಳತಾರೇನ್ರಿ? ನಿಮ್ಮಂಗ ನೀಲಿ ಸೀರಿ ಉಟ್ಟು, ಕೊಳ್ಳಾಗ ಹಿಂಗಾ ವಸ್ತ್ರ ಕಟ್ಕೊಂಡ ಅಕ್ಕಾರೊಬ್ರು ಬಂದಿದ್ರು. ಹುಡುಗ್ಯಾರನ್ನೆಲ್ಲಾ ಕೆಳಗ ಕಳಿಸಿ, ಒಬ್ರ ಕುಂತು ಅತ್ರು ನೋಡ್ರಿ, ಅಷ್ಟೊತ್ತು ಅತ್ರು. ಆಮ್ಯಾಲೆ ಎದ್ದು ನಿಂತು ಹಿಂಗ ಮಾಡಿದ್ರು."

ಹಿಂಗ ಎಂದು ಅವರು ಬಲಗೈಯ ಮೂರು ಬೆರಳು ನೆಟ್ಟಗೆ ಮಾಡಿ ಹಣೆಗೆ ಮುಟ್ಟಿಸಿದರು, ಯಶೋಧಾ. ಪಕ್ಕೀರಮ್ಮ ಎದ್ದು ಬಂದು ಗಂಡನ ಕೈ ಹಿಡಿದು ತಿದ್ದಿದರು. "ಹಂಗಲ್ಲ, ಕಿರಿಬೆಳ್ಳಿನ ಮ್ಯಾಲ ಹೆಬ್ಬೆಳ್ಳು ಬರಬೇಕು. ನಾ ನೋಡೀನಿ." ಮೂರು ವರ್ಷ ಬಾಯಿ ಬಡಿದುಕೊಂಡರೂ ನನ್ನ ಹುಡುಗಿಯರಿಗೆ ಬಾರದ ಸೆಲ್ಯೂಟು ಆ ಹೆಂಗಸಿಗೆ ಒಂದೇ ಸಲ ನೋಡಿದ್ದಕ್ಕೆ ಬಂದುಬಿಟ್ಟಿದೆ.

"ದೇವರಿಗೆ ಹಿಂಗೂ ಕೈ ಎತ್ತತಾರ ಅಂತ ನಮಗ ಗೊತ್ತಿದ್ದಿಲ್ಲ" ಎಂದರು ಓಬಳೇಶಪ್ಪ. "ಅವತ್ತ ಸಂಜಿ ನಮ್ಮ ಎರಡು ಕುರಿ ತಪ್ಪಿಸಿಕೊಂಡಿದ್ವು. ಹುಡುಕ್ಕೊಂತ ಬಂದ್ರ ಈ ಕಲ್ಲಿನ ಹತ್ರಾನ ಮಕ್ಕೊಂಡಿದ್ವು. ಅವತ್ತಿಂದ ಭಂಡಾರ ಹಚ್ಚತೀವಿ." ಈಗ ಆ ಗುಡ್ಡಕ್ಕೆ ಬರುವ ಕುರಿಗಾರರೆಲ್ಲ ಮೂರು ಬೆರಳೆತ್ತಿಯೇ ನಮಸ್ಕಾರ ಮಾಡುತ್ತಾರಂತೆ. ಅದೇ ಮೂರು ಬೆರಳನ್ನು ಭಂಡಾರದಲ್ಲಿ ಅದ್ದಿ ಕಲ್ಲಿಗೆ ಪಟ್ಟೆ ಎಳೆಯುತ್ತಾರಂತೆ.

ಚಪ್ಪಲಿ ಕಿತ್ತಿತ್ತಂತೆ! ಒಂದು ತಿಂಗಳು ನಿನ್ನ ಹುಡುಗಿಯರನ್ನು ಮನಸ್ಸಿನಲ್ಲಿ ಶಪಿಸಿದೆನಲ್ಲ, ಒಂದು ಮಾತು ಹೇಳಬಾರದಿತ್ತೇ?

ನಾನು ನಾರು ಬಾಟಲಿ ಕೆಳಗಿಟ್ಟು ಕೂತೆ. ಪಕ್ಕೀರಮ್ಮ ಪಕ್ಕದಲ್ಲಿ ಕೂತು ಕೇಳಿದರು. "ಇದರ ಹೆಸರೇನ್ರಿ ಅಕ್ಕಾರ? ಎರಡು ತಿಂಗಳಾತು, ಹೆಸರು ಗೊತ್ತಿಲ್ಲದನ ಕೈ ಮುಗಿಯಾಕ ಹತ್ತೀವಿ."

ಬಾಯಿ ನನ್ನ ಮಾತು ಕೇಳಲಿಲ್ಲ. "ಮೇಷ್ಟ್ರು" ಎಂದುಬಿಟ್ಟೆ.

"ಮೇಷ್ಟ್ರಪ್ಪ" ಎಂದರು ಓಬಳೇಶಪ್ಪ, ಸಮಾಧಾನವಾದವರಂತೆ. ಬದುಕಿದ್ದಾಗ ಕಾಲು ಮುಟ್ಟಲು ಹೋದರೆ ಕಾಲು ಹಿಂದೆಳೆದುಕೊಂಡು ಬೈಯುತ್ತಿದ್ದ ಮನುಷ್ಯ. ಈಗ ನೋಡು.

ಕಲ್ಲು ತೆಗೆಯಲಿಲ್ಲ. ಫೋಟೊ ಇಲ್ಲ. ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ, ನಿನ್ನ ಮೇಲೆ ಸಿಟ್ಟು ಮಾಡಲೂ ಆಗುತ್ತಿಲ್ಲ, ಅದೇ ದೊಡ್ಡ ಸಿಟ್ಟು.

ಸುಕನ್ಯಾ



ಹಡಗಲಿ
1 ಜುಲೈ 2025

ಸುಕನ್ಯಾ,

ಹೌದು. ಅಳಿಸದೆ ಬಿಟ್ಟವಳು ನಾನೇ. ಹುಡುಗಿಯರು ಅಳಿಸಲು ಬಗ್ಗಿದರು, ನಾನು ಮಾಡುತ್ತೇನೆ ನೀವು ಇಳಿಯಿರಿ ಎಂದೆ. ಅಮೃತಾಗೆ ಚಪ್ಪಲಿಯ ಮಾತು ಹೇಳಿಕೊಟ್ಟವಳೂ ನಾನೇ.

ಆ ಗುರುತು ಇದ್ದ ಬಂಡೆ ನಿನಗೆ ನೆನಪಿಲ್ಲ. ನಿನ್ನ ಹುಡುಗಿಯರು, ಏನೂ ಗೊತ್ತಿಲ್ಲದೆ, ಎಲ್ಲ ಬಿಟ್ಟು ಅಲ್ಲೇ ಕೊನೆಯ ಗುರುತು ಹಾಕಿದ್ದಾರೆ. ಮೇಷ್ಟ್ರು ನಮ್ಮನ್ನು ಮೊದಲ ಸಲ ಗುಡ್ಡ ಹತ್ತಿಸಿದಾಗ ಅದೇ ಬಂಡೆಯ ಮೇಲೆ ಕೂತು ರೊಟ್ಟಿ ಶೇಂಗಾಹಿಂಡಿ ಹಂಚಿದರು. ಅಲ್ಲೇ ಅವರು ವೃತ್ತ ಹಾಕಿ, ನಡುವೆ ಕಲ್ಲಿಟ್ಟು, "ಇದರ ಅರ್ಥ ಏನು ಹೇಳ್ರಿ" ಎಂದು ಕೇಳಿದ್ದು. ನೀನು "ಊಟ ಆತು ಅಂತ್ರಿ" ಎಂದಿದ್ದೆ. ಎಷ್ಟು ನಕ್ಕಿದ್ದರು.

ಅವತ್ತು ಅದೇ ಗುರುತನ್ನು ಅಲ್ಲಿ ನೋಡಿದಾಗ ಕೈಯಾರೆ ಚೆಲ್ಲಲು ನನ್ನಿಂದ ಆಗಲಿಲ್ಲ. ಮಣ್ಣಿನ ದಿನ ಹೊಲದಲ್ಲಿ ಅಷ್ಟು ಜನರ ಮುಂದೆ ನಾನು ಅತ್ತಿರಲಿಲ್ಲ.

ನಿನಗೆ ಹೇಳಬಹುದಿತ್ತು. ಹೇಳಿದರೆ ನೀನು ಬರಲಿಲ್ಲವೆಂಬ ನನ್ನ ಸಿಟ್ಟು ಕರಗಿ ಹೋದೀತೆಂದು ಹೇಳಲಿಲ್ಲ. ಆ ಸಿಟ್ಟು ನನಗೆ ಬೇಕಿತ್ತು.

ಈಗ ಹುಡುಗಿಯರು ಮುಖ್ಯ. ಕಲ್ಲು ತೆಗೆದುಬಿಡು, ಮೇಷ್ಟ್ರು ಬೇಡ ಎನ್ನುವವರಲ್ಲ. ನಿನ್ನಿಂದ ಆಗದಿದ್ದರೆ ತಪ್ಪು ನನ್ನದೆಂದು ನಾನೇ ಕಚೇರಿಗೆ ಬರೆಯುತ್ತೇನೆ. ಶಿಕ್ಷೆ ನನಗಾಗಲಿ.

ಯಶೋಧಾ



ಕೊಟ್ಟೂರು
5 ಆಗಸ್ಟ್ 2025

ಯಶೋಧಾ,

ನೀನು ಬರೆಯುವ ಮೊದಲೇ ನಾನು ಬರೆದಾಗಿತ್ತು. 'ಹನ್ನೆರಡು ಗುರುತುಗಳಲ್ಲಿ ಹನ್ನೊಂದನ್ನು ಅಳಿಸಲಾಗಿದೆ. ಒಂದನ್ನು ಅಳಿಸಿಲ್ಲ. ನಾನು ಸ್ಥಳವನ್ನು ನೋಡದೆ ಸಹಿ ಹಾಕಿದ್ದೆ.' ಇಷ್ಟೇ. ಯಾರು ಬಿಟ್ಟರು ಎಂದು ಅವರು ಕೇಳಿರಲಿಲ್ಲ, ನಾನು ಹೇಳಲೂ ಇಲ್ಲ. ನೋಡದೆ ಸಹಿ ಹಾಕಿದ್ದು ನಾನೇ ತಾನೇ, ಅದಕ್ಕೆ ನಿನ್ನನ್ನು ಯಾಕೆ ಎಳೆಯಲಿ? ಕಚೇರಿಗೆ ಹೋಗಿ ನನ್ನ ಪರವಾಗಿ ಜಗಳವಾಡಿದೆಯಂತೆ, ಪ್ರವೀಣಕುಮಾರ್ ಫೋನಿನಲ್ಲಿ ಗೋಳಾಡಿದರು. ಅವರನ್ನಾದರೂ ಬಿಡು.

ಎಂಟು ಹುಡುಗಿಯರಿಗೂ ಪುರಸ್ಕಾರ ಮಂಜೂರಾಗಿದೆ. ಸುದ್ದಿ ನೀನೇ ಹೇಳು, ಅಮೃತಾಗೆ ಮೊದಲು ಹೇಳು, ಓಡಾಡಿದ ಕೂಲಿ. ಮುಂದಿನ ಆಗಸ್ಟಿನವರೆಗೆ ನಾನು ದಳ ನಡೆಸುವಂತಿಲ್ಲ. ನನ್ನ ಹುಡುಗಿಯರನ್ನೂ ನೀನೇ ನೋಡಿಕೊಳ್ಳಬೇಕು. ಸೆಲ್ಯೂಟಿನಲ್ಲಿ ಅವರ ಹೆಬ್ಬೆರಳು ತಪ್ಪುತ್ತದೆ, ಪಕ್ಕೀರಮ್ಮನನ್ನು ಕರೆಸಿದರೂ ಸರಿ, ತಿದ್ದು. ಸ್ಕಾರ್ಫ್ ಒಗೆದು ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆ ಮುಚ್ಚುವಾಗ ಅಳು ಬಂತು, ಬರಲಿ ಎಂದು ಬಿಟ್ಟೆ.

ಇನ್ನು ಒಂದು ವರದಿ ತಿದ್ದುವುದಿದೆ. ಫೆಬ್ರವರಿಯ ಆ ಪೆರೇಡ್ ಮುಗಿದದ್ದು ಹನ್ನೊಂದು ಗಂಟೆಗೆ. ಹಡಗಲಿ ಬಸ್ಸು ಹನ್ನೊಂದೂವರೆಗೆ. ನಾನು ನಿಲ್ದಾಣಕ್ಕೆ ಹೋದೆ. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ನಮ್ಮವರಲ್ಲಿ ಹೇಗೆಂದು ನಿನಗೆ ಗೊತ್ತು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಬಂಡೆಯ ಮೇಲೆ ಕೂತು ರೊಟ್ಟಿ ಹಂಚಿದವರನ್ನು ಹಾಗೆ ಕೂರಿಸಿ ಮಣ್ಣು ಹಾಕುವುದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಬಂಡೆ ನನಗೆ ನೆನಪಿಲ್ಲ ಎಂದು ಬರೆದೆಯಲ್ಲ. ಅಲ್ಲೇ ಹಾಕಿ ಎಂದು ಹುಡುಗಿಯರಿಗೆ ಜಾಗ ಹೇಳಿ ಕಳಿಸಿದವಳು ಯಾರು ಎಂದುಕೊಂಡೆ? ನೀನು ಅಳಿಸುತ್ತೀಯೋ ಇಲ್ಲವೋ ಎಂದು ಮೇಲೆ ನಿಂತು ನೋಡುವ ಧೈರ್ಯವೂ ಆಗಲಿಲ್ಲ. ಅದಕ್ಕೇ ಬಸ್ಸಿನ ಹತ್ತಿರ ನಿಂತಿದ್ದೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹಿರೇಹಡಗಲಿಗೆ ಬರುತ್ತೇನೆ. ಕೊಟ್ರಬಸಮ್ಮನವರಿಗೆ ಹೇಳು, ದಾರಿಯಲ್ಲಿದ್ದಾಳೆ ಎಂದು. ಈ ಸಲ ಸುಳ್ಳಾಗುವುದಿಲ್ಲ. ಹೊಲ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ಊರಲ್ಲಿ ಯಾರನ್ನಾದರೂ ಕೇಳಲು ನಾಚಿಕೆ. ಬಸ್ಸು ನಿಲ್ಲುವಲ್ಲಿಂದ ಹೊಲದವರೆಗೆ ನೀನು ಗುರುತು ಹಾಕಿಡು. ನಾನು ಅಳಿಸುತ್ತ ಬರುತ್ತೇನೆ, ಕೊನೆಯದೊಂದನ್ನು ಬಿಟ್ಟು.

ಎಡಗೈಯಲ್ಲಿ ಚೀಲ ಹಿಡಿದು ನಿಂತಿರಬೇಡ.

ನಿನ್ನ
ಸುಕನ್ಯಾ

ಮರೆತಿದ್ದೆ. ಡ್ರಮ್ಮಿನ ಮುಚ್ಚಳ ಮೊದಲಿಂದಲೂ ನಮ್ಮ ಶಾಲೆಯಲ್ಲೇ ಇತ್ತು. ಹುಡುಕುವುದನ್ನು ನಿಲ್ಲಿಸು.